ತೊಂಬತ್ತು ದಾಟಿದರೂ ಗಿಟಾರ್ ಬಿಡದ ಸೆಗೋವಿಯಾ

ಪ್ರಶ್ನೆ: ಮಗ ಗಿಟಾರ್ ಕಲಿಯುತ್ತಿದ್ದಾನೆ. ಅವನ ಮೇಷ್ಟ್ರು ಮಾತೆತ್ತಿದರೆ ಸೆಗೋವಿಯಾ ಅನ್ನುತ್ತಾರಂತೆ. ಅವರಲ್ಲಿ ಅಂಥದ್ದೇನಿದೆ?

ಉತ್ತರ: ಮೇಷ್ಟ್ರು ಸುಮ್ನೆ ಹೇಳುತ್ತಿಲ್ಲ. ಆಂಡ್ರೆಸ್ ಸೆಗೋವಿಯಾ ಹುಟ್ಟಿದ್ದು 1893ರಲ್ಲಿ, ಸ್ಪೇನಿನ ಲಿನಾರೆಸ್ ಊರಲ್ಲಿ. ಆಗ ದೊಡ್ಡ ಸಭಾಂಗಣಗಳಲ್ಲಿ ಪಿಯಾನೊ, ಪಿಟೀಲಿಗೆ ಇದ್ದ ಗೌರವ ಗಿಟಾರಿಗೆ ಇರಲಿಲ್ಲ. ಬಹುಪಾಲು ತಾವೇ ಕಲಿತು, ಹದಿಹರೆಯದಲ್ಲೇ ಗ್ರನಾಡಾದಲ್ಲಿ ಕಛೇರಿ ಕೊಟ್ಟರು. 1924ರಲ್ಲಿ ಪ್ಯಾರಿಸ್, 1928ರಲ್ಲಿ ನ್ಯೂಯಾರ್ಕ್.

ನನಗೆ ತುಂಬಾ ಇಷ್ಟವಾಗುವುದು 1935ರ ಸಂಗತಿ. ಜರ್ಮನಿಯ ಸಂಗೀತ ರಚನಕಾರ ಬಾಖ್ ಒಂಟಿ ಪಿಟೀಲಿಗೆ ಬರೆದ ಷಕೋನ್, ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ನಡೆಯುವ, ನುರಿತ ಪಿಟೀಲುಗಾರರಿಗೂ ಕಷ್ಟವೆನಿಸುವ ಕೃತಿ. ಅದನ್ನು ಗಿಟಾರಿಗೆ ಹೊಂದಿಸಿ ಪ್ಯಾರಿಸ್‌ನಲ್ಲಿ ನುಡಿಸಿದರು. ಎಂಥ ಧೈರ್ಯ ಅಲ್ವಾ! ಉಗುರು, ಬೆರಳ ತುದಿಯ ಮಾಂಸ ಎರಡನ್ನೂ ತಾಗಿಸಿ ಮೀಟುತ್ತಿದ್ದರು, ಅದಕ್ಕೇ ಆ ನಾದ ಅಷ್ಟು ತುಂಬಿಕೊಂಡಿರುತ್ತದೆ. ಮೈಕಿನ ಸಹವಾಸ ಬೇಡ ಅನ್ನುತ್ತಿದ್ದರು. ನಿಮ್ಮ ಮಗನ ಗಿಟಾರಿನಲ್ಲಿ ನೈಲಾನ್ ತಂತಿ ಇದ್ದರೆ ಅದರ ಹಿಂದೆಯೂ ಅವರಿದ್ದಾರೆ: ಮೊದಲು ಪ್ರಾಣಿಗಳ ಕರುಳಿನ ತಂತಿ ಇತ್ತು, 1940ರ ದಶಕದಲ್ಲಿ ವಾದ್ಯ ತಯಾರಕ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿ ಮಾಡಲು ಹೊರಟಾಗ ಸೆಗೋವಿಯಾ ಬೆನ್ನಿಗೆ ನಿಂತರು.

1987ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ, 94ನೇ ವಯಸ್ಸಿನಲ್ಲಿ, ಮಯಾಮಿಯಲ್ಲಿ ಕಛೇರಿ ಕೊಟ್ಟಿದ್ದರು. ಮಗನಿಗೆ ಮೊದಲು ಅವರ ಷಕೋನ್ ಕೇಳಿಸಿ, ಸಾಧ್ಯವಾದರೆ ಪಕ್ಕದಲ್ಲಿ ನೀವೂ ಕೂತುಕೊಳ್ಳಿ.