ಚೀಟಿಯಲ್ಲಿದ್ದ ಅಪರಿಚಿತ

(ಹೆಸರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಕಾವ್ಯಾಳಿಗೆ 19 ವರ್ಷ. ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಅಮ್ಮನ ಜೊತೆಗೇ ಬಂದಳು, ಆದರೆ ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಅಪ್ಪ ತೀರಿಕೊಂಡ ಮೇಲೆ ಆಸ್ತಿ ಮಾತು ಬಂದಾಗ ಸೋದರತ್ತೆ ಸಿಟ್ಟಿನಲ್ಲಿ ಅಂದುಬಿಟ್ಟಿದ್ದರು: "ಇವಳು ನಮ್ಮಣ್ಣನ ರಕ್ತಾನೇ ಅಲ್ಲ."

ದಾನಿಯ ವೀರ್ಯದಿಂದ ಹುಟ್ಟಿದ ಮಗು ಅವಳು.

"ಅವರ ಹೆಸರು ಬೇಕು ಮೇಡಂ, ಅಷ್ಟೇ."

ಸುಳ್ಳು ಭರವಸೆ ಕೊಡಲಿಲ್ಲ. ನಮ್ಮ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ, ಕೋರ್ಟ್ ಆದೇಶದಂಥ ಕೆಲವೇ ಸಂದರ್ಭ ಬಿಟ್ಟರೆ ದಾನಿಯ ವಿವರ ಗುಟ್ಟಾಗಿರಬೇಕು. ದೊಡ್ಡವಳಾದ ಮಗಳು ತಾನೇ ಹೋಗಿ ಹೆಸರು ಕೇಳುವ ಹಕ್ಕು ಅದರಲ್ಲಿಲ್ಲ. ಸ್ವೀಡನ್ 1985ರಲ್ಲೇ ಆ ಹಕ್ಕು ಕೊಟ್ಟಿದೆ. ಬ್ರಿಟನ್‌ನಲ್ಲಿ 2005ರ ಏಪ್ರಿಲ್ 1ರ ನಂತರ ನೋಂದಾಯಿಸಿದ ದಾನಿಯ ಹೆಸರು ಮಗುವಿಗೆ 18 ತುಂಬಿದ ಮೇಲೆ ಸಿಗುತ್ತದೆ. ನಮ್ಮ ಮಕ್ಕಳಿಗೂ ಸಿಗಲೇಬೇಕು ಅನ್ನುವವಳು ನಾನು.

ಆಗ ಅಮ್ಮ ಬ್ಯಾಗಿನಿಂದ ಒಂದು ಹಳೇ ಪ್ಲಾಸ್ಟಿಕ್ ಕವರ್ ತೆಗೆದರು. ಸ್ಕ್ಯಾನಿಂಗ್ ರಸೀದಿಯ ಹಿಂದೆ ಅವರದೇ ಅಕ್ಷರ: 'ಬಿ ಪಾಸಿಟಿವ್. ಎತ್ತರ. ಡಿಗ್ರಿ ಓದಿದವರು.' ದಾನಿಯ ಬಗ್ಗೆ ಡಾಕ್ಟರು ಅಂದು ಹೇಳಿದ್ದು ಅಷ್ಟೇ. ಕಾವ್ಯಾ ಮೂರು ಸಲ ಓದಿದಳು.

"ಇದನ್ನ ಇಷ್ಟು ವರ್ಷ ಇಟ್ಕೊಂಡಿದ್ದಾ?"

"ಬಿಸಾಕೋಕೆ ಮನಸ್ಸು ಬರ್ಲಿಲ್ಲ ಪುಟ್ಟಿ."

ಅವಳ ಸಿಟ್ಟು ದಾನಿಯ ಮೇಲಲ್ಲ, ಮುಚ್ಚಿಟ್ಟಿದ್ದರ ಮೇಲೆ. ಹಾಗಾಗಿ ಅಮ್ಮನಿಗೆ ಹೇಳಿದೆ: ಮಕ್ಕಳಿಲ್ಲದ ಆ ವರ್ಷಗಳು, ಗಂಡ ಒಪ್ಪಿದ ದಿನ, ನಿಮ್ಮ ಭಯ, ಎಲ್ಲವನ್ನೂ ಹೇಳಿ. ಮಧ್ಯೆ ಅವಳು ಕೂಗಾಡಿದರೂ ನಿಲ್ಲಿಸಬೇಡಿ. (ಪುಟ್ಟ ಮಕ್ಕಳಿರುವವರು ನಾಲ್ಕೈದನೇ ವಯಸ್ಸಿಗೇ ಕಥೆಯ ಹಾಗೆ ಶುರು ಮಾಡಿ. ಬೇರೆಯವರ ಬಾಯಿಂದ ಕೇಳಿದರೆ ಗಾಯ ಜಾಸ್ತಿ.)

ಕಾವ್ಯಾಳಿಗೆ ಹೇಳಿದ್ದು: ಕ್ಲಿನಿಕ್‌ಗೆ ಪತ್ರ ಬರಿ. ಹೆಸರು ಬಿಟ್ಟು, ದಾನಿಯ ವಯಸ್ಸು, ರಕ್ತಪರೀಕ್ಷೆ, ಮನೆತನದ ಕಾಯಿಲೆ ಕೇಳು. ದಾಖಲೆಯನ್ನು ಕನಿಷ್ಠ 10 ವರ್ಷ ಇಟ್ಟು, ಆಮೇಲೆ ರಾಷ್ಟ್ರೀಯ ನೋಂದಣಿಗೆ ಒಪ್ಪಿಸಬೇಕು ಅನ್ನುವ ನಿಯಮ ಬಂದಿದ್ದು ಈ ಕಾಯ್ದೆಯಿಂದ. ನೀನು ಹುಟ್ಟಿದ್ದು ಅದಕ್ಕೂ ಮುಂಚೆ. ಫೈಲೇ ಇಲ್ಲ ಅನ್ನಬಹುದು, ಮನಸ್ಸು ಗಟ್ಟಿ ಮಾಡ್ಕೋ. ಡಾಕ್ಟರು ಕೇಳಿದಾಗ ಅಪ್ಪನ ಶುಗರ್ ಹೇಳಬೇಡ, 'ತಂದೆಯ ಕಡೆಯದು ಗೊತ್ತಿಲ್ಲ' ಅನ್ನು.

ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಲಾ ಅಂತ ಕೇಳಿದಳು. ಬೇಡ ಅನ್ನಲಿಲ್ಲ. ಅಕ್ಕತಮ್ಮಂದಿರೇ ಸಿಗಬಹುದು, ಅವರಿಗೆ ಈ ವಿಷಯ ಗೊತ್ತೇ ಇಲ್ಲದಿರಬಹುದು. ಫಲಿತಾಂಶ ಬಂದ ರಾತ್ರಿ ಯಾರಿಗೂ ಮೆಸೇಜ್ ಕಳಿಸಬೇಡ, ಮೊದಲು ನನ್ನ ಹತ್ತಿರ ಬಾ ಅಂದೆ.

ಕ್ಲಿನಿಕ್‌ನಿಂದ ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸಲ ಅಪ್ಪನ ಆಲ್ಬಂ ತರ್ತೀನಿ ಅಂದಿದ್ದಾಳೆ.