ಪ್ರಶ್ನೆ ಎಣಿಸುವ ಮೊದಲು ಉತ್ತರ ಓದಿ

ಪತ್ರ: “ಮುಂಬೈಯ ಆರು ಮಂದಿ ಲೋಕಸಭಾ ಸದಸ್ಯರು ಎಷ್ಟು ಪ್ರಶ್ನೆ ಕೇಳಿದರು, ಯಾವ ಮಸೂದೆಗೆ ಯಾವ ಕಡೆ ಮತ ಹಾಕಿದರು ಎಂದು ಪ್ರತಿ ಅಧಿವೇಶನದ ಕೊನೆಗೆ ಅಂಕಪಟ್ಟಿ ಪ್ರಕಟಿಸಿ. ದುಡಿಯುವವರು ಯಾರು, ಹಾಜರಿ ಹಾಕಿ ಕ್ಯಾಂಟೀನಿಗೆ ಹೋಗುವವರು ಯಾರು ಎಂಬುದು ಕನ್ನಡಿಗರಿಗೂ ತಿಳಿಯಲಿ.” — ಓದುಗರೊಬ್ಬರು, ಮುಲುಂಡ್

ಸಂಪಾದಕರ ಉತ್ತರ:

ನಿಮ್ಮ ಕಾಳಜಿ ದೊಡ್ಡದು. ಐದು ವರ್ಷ ಬಾಯಿ ಬಿಡದವರ ಬಂಡವಾಳ ಇಂಥ ಪಟ್ಟಿಯಿಂದ ಬಯಲಾಗುತ್ತದೆ, ಒಪ್ಪಿದೆ. ಆದರೆ ಮೊದಲ ಸಾಲಿನಲ್ಲೇ ಎಡವುತ್ತೀರಿ. ಮುಂಬೈ ಉತ್ತರದ ಪೀಯೂಷ್ ಗೋಯಲ್ ಅವರ ಹೆಸರಿನ ಎದುರು ಸೊನ್ನೆ ಬರೆಯಬೇಕಾಗುತ್ತದೆ. ಅವರು ಮಂತ್ರಿ. ಮಂತ್ರಿಗಳು ಉತ್ತರ ಕೊಡುವವರೇ ಹೊರತು ಪ್ರಶ್ನೆ ಕೇಳುವವರಲ್ಲ. ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ.

ಉಳಿದವರ ಲೆಕ್ಕವೂ ಅಷ್ಟು ಸಲೀಸಲ್ಲ. ಲೋಕಸಭೆಯಲ್ಲಿ ದಿನಕ್ಕೆ ಬಾಯಿಮಾತಿನ ಉತ್ತರ ಬೇಡುವ 20 ಚುಕ್ಕೆ ಗುರುತಿನ ಪ್ರಶ್ನೆ, ಲಿಖಿತ ಉತ್ತರದ 230 ಚುಕ್ಕೆ ಗುರುತಿಲ್ಲದ್ದು. ಯಾರ ಪ್ರಶ್ನೆ ಒಳಗೆ ಬರುತ್ತದೆ ಎಂಬುದು ಲಾಟರಿ. ಆ 20ರಲ್ಲೂ 11ರಿಂದ 12 ಗಂಟೆಯೊಳಗೆ ಬಾಯಿಮಾತಿನ ಉತ್ತರ ಸಿಗುವುದು ಮೊದಲ ಕೆಲವಕ್ಕೆ. ಗದ್ದಲವೆದ್ದರೆ ಒಂದಕ್ಕೂ ಇಲ್ಲ. ಒಂದೇ ವಿಷಯವನ್ನು ಹಲವರು ಕೇಳಿದರೆ ಎಲ್ಲರ ಹೆಸರು ಕೂಡಿಸಿ ಒಂದೇ ಉತ್ತರ ಕೊಡುತ್ತಾರೆ. ಕರಡು ಒಬ್ಬರದು, ಅಂಕ ನಾಲ್ವರಿಗೆ!

ಮತದ ಕಥೆ ಇನ್ನೂ ಬಡವು. ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ, ಯಾರ ಹೆಸರೂ ದಾಖಲಾಗುವುದಿಲ್ಲ. ಸದಸ್ಯರು ಪಟ್ಟು ಹಿಡಿದು ಮತವಿಭಜನೆ, ಅಂದರೆ ಒಬ್ಬೊಬ್ಬರ ಮತದ ಎಣಿಕೆ, ಕೇಳಿದರೆ, ಇಲ್ಲವೇ ಸಂವಿಧಾನ ತಿದ್ದುಪಡಿ ಬಂದರೆ ಮಾತ್ರ ಹೆಸರು ಸಹಿತ ಲೆಕ್ಕ ಸಿಗುತ್ತದೆ. 2023ರ ಮಹಿಳಾ ಮೀಸಲಾತಿ ತಿದ್ದುಪಡಿಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ. ಆ ಇಬ್ಬರಲ್ಲೊಬ್ಬರು ನಮ್ಮ ಔರಂಗಾಬಾದಿನ ಸದಸ್ಯರಾಗಿದ್ದ ಇಮ್ತಿಯಾಜ್ ಜಲೀಲ್. ಅದೂ ಅವರ ಪಕ್ಷದ ನಿಲುವೇ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು, ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವು. ಹೀಗಿರುವಾಗ ನಿಮ್ಮ ಪಟ್ಟಿಯಲ್ಲಿ ವ್ಯಕ್ತಿಯನ್ನು ಎಲ್ಲಿ ಹುಡುಕುತ್ತೀರಿ?

ಒಂದು ಪ್ರಶ್ನೆಯ ತೂಕ ಎಷ್ಟೆಂದು ತಿಳಿಯಲು ಮುಂಬೈಯ ಇತಿಹಾಸವೇ ಸಾಕು. ಇಲ್ಲಿ ಮುಖ್ಯ ಕಚೇರಿಯಿರುವ ಜೀವ ವಿಮಾ ನಿಗಮ 1957ರಲ್ಲಿ ಉದ್ಯಮಿ ಹರಿದಾಸ್ ಮುಂಧ್ರಾನ ಆರು ಕಂಪನಿಗಳ ಶೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಸಂಸತ್ತಿನಲ್ಲಿ ಕೇಳಿದಾಗ ಸಿಕ್ಕಿದ್ದು ಹಾರಿಕೆಯ ಉತ್ತರ. ಸಂಸದ ಫಿರೋಜ್ ಗಾಂಧಿ ಅಷ್ಟಕ್ಕೇ ಬಿಡಲಿಲ್ಲ, ಕೆದಕಿದರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಇದೇ ಊರಿನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಜಾಗ ಸಾಲದೆ ಹೊರಗೆ ನಿಂತವರಿಗಾಗಿ ಧ್ವನಿವರ್ಧಕ ಕಟ್ಟಬೇಕಾಯಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ತಮಾಷೆ ನೋಡಿ: 1951ರಲ್ಲಿ ಬಾಂಬೆಯ ಚಿನಿವಾರ ವ್ಯಾಪಾರಿಗಳ ಸಂಘದಿಂದ ಲಾಭ ಪಡೆದು ಸದನದಲ್ಲಿ ಅವರ ಪರ ಪ್ರಶ್ನೆ, ತಿದ್ದುಪಡಿ ತಂದ ಆರೋಪ ಆಗಿನ ಸಂಸದ ಎಚ್.ಜಿ. ಮುದ್ಗಲ್ ಮೇಲೆ ಬಂದಾಗ ವಿಚಾರಣಾ ಸಮಿತಿಯ ಅಧ್ಯಕ್ಷರಾಗಿದ್ದವರು ಇದೇ ಕೃಷ್ಣಮಾಚಾರಿ. ಮುದ್ಗಲ್ ಪ್ರಶ್ನೆಗೂ ಅಂಕಪಟ್ಟಿಯಲ್ಲಿ ಒಂದೇ ಅಂಕ, ಫಿರೋಜ್ ಪ್ರಶ್ನೆಗೂ ಒಂದೇ.

ಹಾಗಾದರೆ ಏನು ಮಾಡಬೇಕು? ಲೋಕಸಭೆಯ ಜಾಲತಾಣದಲ್ಲಿ ಸದಸ್ಯರ ಹೆಸರು, ಸಚಿವಾಲಯ ಆರಿಸಿ ಪ್ರಶ್ನೆಯನ್ನೂ ಉತ್ತರವನ್ನೂ ತೆರೆದು ಓದಿ. “ಕೊಂಕಣ ರೈಲ್ವೆಯ ಜೋಡಿಹಳಿ ಕಾಮಗಾರಿ ನಡೆಯುತ್ತಿದೆಯೇ, ಹಾಗಿದ್ದಲ್ಲಿ ವಿವರವೇನು” ಎಂದಿದ್ದರೆ ಅದು ಬರೀ ಭರ್ತಿ ಪ್ರಶ್ನೆ. ಯಾವ ಯಾವ ನಿಲ್ದಾಣಗಳ ನಡುವೆ, ಮಂಜೂರಾದದ್ದು ಯಾವಾಗ, ವರ್ಷವಾರು ಬಿಡುಗಡೆಯಾದ ಹಣ ಎಷ್ಟು, ತಡಕ್ಕೆ ಕಾರಣ ಭೂಮಿಯೋ ಅರಣ್ಯ ಅನುಮತಿಯೋ ಎಂದು ಬಿಡಿಸಿ ಕೇಳಿದ್ದರೆ ಯಾರೋ ಕೂತು ಕೆಲಸ ಮಾಡಿದ್ದಾರೆ ಎಂದರ್ಥ. ಉತ್ತರದಲ್ಲಿ ‘ಎ’ಯಿಂದ ‘ಇ’ವರೆಗಿನ ಭಾಗಗಳನ್ನೆಲ್ಲ ಕಲಸಿ ಒಂದೇ ಪ್ಯಾರಾ ಬರೆದಿದ್ದರೆ, ಯಾವುದಕ್ಕೆ ಉತ್ತರ ತಪ್ಪಿಸಿದ್ದಾರೆಂದು ಪೆನ್ಸಿಲ್ ಹಿಡಿದು ಗುರುತು ಹಾಕಿ. “ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು” ಎಂದಿದ್ದರೆ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಬೇಕು, ಅದರ ಮೇಲೆ ಕಣ್ಣಿಡಲು ಸರ್ಕಾರಿ ಭರವಸೆಗಳ ಸಮಿತಿಯಿದೆ. ನಿಮ್ಮ ಸಂಸದರು ಅದನ್ನು ಬೆನ್ನಟ್ಟಿದರೋ, ಕೇಳಿ ಮರೆತರೋ? ನನಗೆ ಮುಖ್ಯವೆನಿಸುವುದು ಅದು.

ಇನ್ನು ನಮ್ಮವರ ವಿಷಯ. ಸಂಘದ ವಾರ್ಷಿಕೋತ್ಸವಕ್ಕೆ ಸಂಸದರನ್ನು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆ ಮನವಿಪತ್ರ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಮನವಿಯಲ್ಲಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದೂ ಇರುತ್ತದೆ, ಮಂಗಳೂರಿಗೆ ರೈಲು ಬೇಕೆಂದೂ ಇರುತ್ತದೆ. ಪಾಲಿಕೆ ಶಾಲೆಯ ಮಾತು ದೆಹಲಿಯಲ್ಲಿ ಎತ್ತಿದರೆ ‘ಅದು ರಾಜ್ಯಕ್ಕೆ ಸೇರಿದ್ದು’ ಎಂಬ ಒಂದು ಸಾಲು ಬಂದು ಮುಗಿಯುತ್ತದೆ. ಅದನ್ನು ಒಯ್ಯಬೇಕಾದದ್ದು ನಗರಸೇವಕರ (ಪಾಲಿಕೆ ಸದಸ್ಯರ) ಬಳಿಗೆ, ವಿಧಾನಸಭೆಯ ಸದಸ್ಯರ ಬಳಿಗೆ. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ಮುಂಬೈ ಪಾಲಿಕೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು; ನಗರಸೇವಕರೇ ಇಲ್ಲದ ಆ ಕಾಲದಲ್ಲೂ ನಮ್ಮ ಸಂಘಗಳು ಸನ್ಮಾನಕ್ಕೆ ಯಾರನ್ನು ಕರೆಯುವುದೆಂದು ಚಿಂತಿಸಿದವೇ ಹೊರತು ಶಾಲೆಯ ಪ್ರಶ್ನೆ ಯಾರಿಗೆ ಕೇಳುವುದೆಂದಲ್ಲ.

ರೈಲಿನ ಪ್ರಶ್ನೆಯಾದರೆ ದೆಹಲಿಗೆ ಸಲ್ಲುತ್ತದೆ. 150 ಪದ ಮೀರದಂತೆ, ಒಂದೇ ವಿಷಯ ಹಿಡಿದು, ಅಭಿಪ್ರಾಯ ಬೆರೆಸದೆ ಬರೆಯಿರಿ. ಉತ್ತರದ ದಿನಕ್ಕೆ ಪೂರ್ತಿ 15 ದಿನ ಮೊದಲೇ ನೋಟಿಸ್ ಸಲ್ಲಬೇಕು, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಸಂಸದರ ಕಚೇರಿಗೆ ತಲುಪಿಸಿ. ಅಂಕಪಟ್ಟಿಯನ್ನು ನಾವು ಹಾಕುವುದಿಲ್ಲ. ಪ್ರಶ್ನೆಗೆ ಉತ್ತರ ಬಂದರೆ ಪ್ರತಿ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.