ನಾಯಿ ಕ್ಯಾಮೆರಾದ ಮುಂದೆ ನಿಲ್ಲುವ ಮೊದಲು

ಸಾಕುಪ್ರಾಣಿ ಅಂಕಣ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜ್ವರ, ಜಂತು, ತುರಿಕೆಗಳಿಗಿಂತ ಹೆಚ್ಚಾಗಿ ಫೋಟೊದ ವಿಚಾರವೇ ಇದೆ. ಹೊರಾಂಗಣದಲ್ಲಿ ನಾಯಿಯ ಚಿತ್ರ ತೆಗೆಸುವುದು ಫೋಟೊಗ್ರಾಫರರಿಗೆ ಸೇರಿದ ಕೆಲಸವೆಂದು ಹಲವರು ತಿಳಿದಿದ್ದಾರೆ. ಆದರೆ ಅದರ ಹೆಚ್ಚಿನ ಭಾಗ ಮನೆಯವರದೇ, ಅದೂ ಕ್ಯಾಮೆರಾ ಬರುವುದಕ್ಕೆ ಕೆಲವು ವಾರ ಮೊದಲು ಆಗಬೇಕಾದದ್ದು.

ಪ್ರಶ್ನೆ: ಡಾಕ್ಟರೇ, ನಮ್ಮಲ್ಲಿ ಎರಡು ವರ್ಷದ ಗಂಡು ಮುಧೋಳ ನಾಯಿಯಿದೆ. ಹೊರದೇಶದಲ್ಲಿರುವ ಮಗಳು, ಅಳಿಯ ಡಿಸೆಂಬರಿನಲ್ಲಿ ಬರುತ್ತಾರೆ. ಆಗ ಊರಿನ ಜೋಳದ ಹೊಲದಲ್ಲಿ ನಾಯಿಯ ಜೊತೆ ಎಲ್ಲರೂ ಸೇರಿ ಫೋಟೊ ತೆಗೆಸಿಕೊಳ್ಳಬೇಕೆಂದು ಒಬ್ಬ ಫೋಟೊಗ್ರಾಫರರನ್ನು ಗೊತ್ತು ಮಾಡಿದ್ದೇವೆ. ಮನೆಯಲ್ಲಿ ‘ಕೂಡು’ ಎಂದರೆ ಕೂಡುತ್ತಾನೆ. ಹೊರಗೆ ಹೋದರೆ ಯಾರ ಮಾತೂ ಕೇಳುವುದಿಲ್ಲ. ಹೋದ ವರ್ಷ ಎರಡು ಗಂಟೆ ಒದ್ದಾಡಿದರೂ ಒಂದು ಚಿತ್ರವೂ ಸರಿಬರಲಿಲ್ಲ. ಈಗಿನಿಂದ ಏನು ಸಿದ್ಧತೆ ಮಾಡಬೇಕು?
(ಓದುಗರೊಬ್ಬರು, ಧಾರವಾಡ)

ಉತ್ತರ: ಎರಡು ಗಂಟೆ ಒದ್ದಾಡಿದ್ದೇ ಮೊದಲ ತಪ್ಪು. ಹೊರಗಿನ ವಾಸನೆ, ಸದ್ದು, ಹಕ್ಕಿಗಳ ನಡುವೆ ಹೇಳಿದ ಮಾತಿಗೆ ಕಿವಿಗೊಟ್ಟು ನಿಲ್ಲುವುದು ನಾಯಿಗೆ ದಣಿವಿನ ಕೆಲಸ. ಇಪ್ಪತ್ತು ನಿಮಿಷ ನಡೆದರೆ ಅದೇ ಹೆಚ್ಚು. ಆಮೇಲೆ ನಾಯಿಗೂ ಬೇಸರ, ನಿಮಗೂ ಬೇಸರ, ಆ ಬೇಸರವೇ ಚಿತ್ರದಲ್ಲಿ ಕಾಣುತ್ತದೆ.

ಮನೆಯಲ್ಲಿ ಕೂಡುವ ನಾಯಿ ಹೊರಗೆ ಕೂಡುವುದಿಲ್ಲವೆಂದರೆ ಅದು ಹಟವಲ್ಲ. ನಾಯಿಗಳು ಕಲಿತ ಪಾಠವನ್ನು ಕಲಿತ ಜಾಗದ ಜೊತೆಗೇ ಗಂಟು ಹಾಕಿಕೊಂಡಿರುತ್ತವೆ. ಪಡಸಾಲೆಯ ‘ಕೂಡು’ ಹೊಲದಲ್ಲಿ ಅದಕ್ಕೆ ಹೊಸ ಮಾತು. ಹಾಗಾಗಿ ಅದೇ ಪಾಠವನ್ನು ಅಂಗಳದಲ್ಲಿ, ಆಮೇಲೆ ಓಣಿಯಲ್ಲಿ, ಕೊನೆಗೆ ಹೊಲದ ಬದುವಿನ ಮೇಲೆ ಮೊದಲಿನಿಂದಲೇ ಕಲಿಸಬೇಕು. ದಿನಕ್ಕೆ ಎರಡು ಸಲ, ಸಲಕ್ಕೆ ಐದು ನಿಮಿಷ ಸಾಕು. ಆದರೆ ಮೂರು ವಾರವಾದರೂ ಬಿಡದೆ ನಡೆಯಲಿ. ಮೊದಲು ಕುಳಿತಿರುವ ಹೊತ್ತನ್ನು ಹೆಚ್ಚಿಸಿ. ಅದು ಕುದುರಿದ ಮೇಲೆ ನೀವು ಹಿಂದೆ ಸರಿಯುವ ದೂರವನ್ನು ಹೆಚ್ಚಿಸಿ. ಅದೂ ಕುದುರಿದ ಮೇಲೆ ಪಕ್ಕದಲ್ಲಿ ಯಾರಾದರೂ ನಡೆದಾಡುವಂತೆ ಮಾಡಿ. ಮೂರನ್ನೂ ಒಟ್ಟಿಗೆ ಹೆಚ್ಚಿಸಿದರೆ ನಾಯಿ ಏಳುತ್ತದೆ, ನೀವು ಗದರುತ್ತೀರಿ, ಅಲ್ಲಿಗೆ ಆ ದಿನದ ಪಾಠ ಕೆಟ್ಟಂತೆ.

ಇದರ ಜೊತೆಗೆ ಕ್ಯಾಮೆರಾದ ಪರಿಚಯವೂ ಆಗಬೇಕು. ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸುವುದು ನಾಯಿಗಳ ಲೋಕದಲ್ಲಿ ಜಗಳಕ್ಕೆ ಕರೆದಂತೆ. ಮುಖದೆದುರು ಬಂದ ದೊಡ್ಡ ಲೆನ್ಸ್ ಅದಕ್ಕೆ ರೆಪ್ಪೆ ಮಿಟುಕಿಸದ ಒಂದು ಕಣ್ಣಿನಂತೆ ಕಂಡರೆ ಆಶ್ಚರ್ಯವಿಲ್ಲ. ಮನೆಯಲ್ಲಿ ಹಳೆಯ ಕ್ಯಾಮೆರಾ ಇದ್ದರೆ ಅದನ್ನು ದೂರದಲ್ಲಿ ಹಿಡಿದು ಕ್ಲಿಕ್ ಎನ್ನಿಸಿ, ಕೂಡಲೇ ಒಂದು ತುಂಡು ತಿಂಡಿ ಕೊಡಿ. ದಿನದಿಂದ ದಿನಕ್ಕೆ ಸ್ವಲ್ಪ ಹತ್ತಿರ ಬನ್ನಿ. ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಒಳ್ಳೆಯ ಚಿತ್ರಕ್ಕಾಗಿ ಫೋಟೊಗ್ರಾಫರ್ ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ನೆಲದ ಮೇಲೆ ಮಲಗಬೇಕು. ಮನುಷ್ಯ ನೆಲಕ್ಕೆ ಬಿದ್ದನೆಂದರೆ ನಾಯಿಗೆ ಅದು ಆಟದ ಕರೆ. ಕೂಡಿಸಿದ್ದು ಎದ್ದು ಓಡಿ ಬಂದು ಮುಖ ನೆಕ್ಕುತ್ತದೆ. ಆದ್ದರಿಂದ ಅಭ್ಯಾಸದ ದಿನಗಳಲ್ಲಿ ನೀವೇ ಒಂದೆರಡು ಸಲ ಅಂಗಾತ ಅಲ್ಲದಿದ್ದರೂ ಬೋರಲಾಗಿ ಮಲಗಿ ನೋಡಿ. ಓಣಿಯವರು ನಕ್ಕರೆ ನಗಲಿ.

ಮುಧೋಳ ನಾಯಿ ವಾಸನೆಗಿಂತ ನೋಟದಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಮೇಕೆಮರಿಯೋ ಓಡಿದ್ದು ಕಂಡರೆ ನಿಮ್ಮ ಮೂರು ವಾರದ ಪಾಠ ಅದರ ತಲೆಯಿಂದ ಹಾರಿಹೋಗುತ್ತದೆ, ಮತ್ತು ಆ ಓಟವನ್ನು ಬೆನ್ನಟ್ಟಿ ಹಿಡಿಯುವವರು ನಿಮ್ಮ ಮನೆಯಲ್ಲಿ ಇರಲಾರರು. ಹೊಲದಲ್ಲಿ ಬೆಲ್ಟ್ ಬಿಚ್ಚಿ ಬಿಡಬೇಡಿ. ಈ ತಳಿಯ ತಲೆ ಕಿರಿದು, ಕತ್ತು ಹೆಚ್ಚುಕಡಿಮೆ ಅಷ್ಟೇ ದಪ್ಪ. ಮಾಮೂಲಿ ಬೆಲ್ಟಿನಿಂದ ಹಿಂದಕ್ಕೆ ಜಗ್ಗಿ ಸಲೀಸಾಗಿ ತಲೆ ಬಿಡಿಸಿಕೊಳ್ಳುತ್ತದೆ. ಅಗಲವಾದ, ಎಳೆದಾಗ ಮಿತವಾಗಿ ಬಿಗಿಯಾಗುವ ಬೆಲ್ಟನ್ನು ಈಗಲೇ ತಂದು ರೂಢಿ ಮಾಡಿಸಿ, ಅದಕ್ಕೆ ತೆಳುವಾದ ಉದ್ದನೆಯ ಹಗ್ಗ ಕಟ್ಟಿ. ಹಗ್ಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬಹುದು; ಕ್ಯಾಮೆರಾ ಅಲುಗಿಸದೆ ಅದೇ ಜಾಗದ ಒಂದು ಖಾಲಿ ಚಿತ್ರವನ್ನೂ ತೆಗೆದುಕೊಂಡರೆ ಆ ಕೆಲಸ ಸುಲಭವಾಗುತ್ತದೆಂದು ಫೋಟೊಗ್ರಾಫರರಿಗೆ ಮೊದಲೇ ಹೇಳಿರಿ.

ಸ್ನಾನವನ್ನು ಅದೇ ದಿನ ಮಾಡಿಸದೆ ಎರಡು ಮೂರು ದಿನ ಮೊದಲೇ ಮುಗಿಸಿ. ಗಿಡ್ಡ ಕೂದಲಿನ ನಾಯಿಗೆ ಆ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಕಣ್ಣಿನ ಪಿಸುರು ತೆಗೆಯಲು ಮಾತ್ರ ಮರೆಯಬೇಡಿ. ಎದೆ ಆಳವಾಗಿರುವ ತಳಿಗಳು ಹೊಟ್ಟೆ ತುಂಬ ಉಂಡು ಓಡಾಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಅದು ಕೆಲವೇ ತಾಸುಗಳಲ್ಲಿ ಪ್ರಾಣ ತೆಗೆಯುವಂಥದು, ಆದ್ದರಿಂದ ಮೂರು ತಾಸು ಮೊದಲೇ ಅರ್ಧ ಊಟ ಹಾಕಿ. ಸ್ವಲ್ಪ ಹಸಿವಿದ್ದರೆ ತಿಂಡಿಗೂ ಬೆಲೆ ಬರುತ್ತದೆ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ತುಂಡುಗಳು ಕಡಲೆಕಾಳಿನಷ್ಟು ಸಣ್ಣದಿರಲಿ. ದೊಡ್ಡ ತುಂಡು ಕೊಟ್ಟರೆ ಅಗಿಯುತ್ತಾ, ತುಟಿ ನೆಕ್ಕುತ್ತಾ ಇರುವ ಹತ್ತಾರು ಚಿತ್ರಗಳೇ ನಿಮಗೆ ಸಿಗುವುದು. ಡಿಸೆಂಬರಿನ ಧಾರವಾಡದ ಬೆಳಗಿನ ಚಳಿಗೆ ತೆಳು ಚರ್ಮದ ಈ ನಾಯಿ ಬೆನ್ನು ಬಾಗಿಸಿ, ಬಾಲ ಒಳಗೆಳೆದು ನಿಲ್ಲುತ್ತದೆ. ಸಂಜೆ ನಾಲ್ಕೂವರೆಯ ನಂತರದ ಬಿಸಿಲು ಬೆಚ್ಚಗೂ ಇರುತ್ತದೆ, ಜೋಳದ ಹೊಲಕ್ಕೆ ಅದರ ಬಣ್ಣವೂ ಒಪ್ಪುತ್ತದೆ.

ಆ ದಿನ ಮನೆಮಂದಿ ಮೊದಲು ತಮ್ಮ ಜಾಗದಲ್ಲಿ ನಿಂತು, ಸೀರೆಯ ಸೆರಗು, ಮಕ್ಕಳ ಜಗಳ ಎಲ್ಲ ಸರಿಹೋದ ಮೇಲೆ ಕೊನೆಯಲ್ಲಿ ನಾಯಿಯನ್ನು ಕರೆತನ್ನಿ. ಅದಕ್ಕೆ ದಿನವೂ ಅನ್ನ ಹಾಕುವವರು ಚಿತ್ರದೊಳಗಿದ್ದರೆ ನಾಯಿ ಕ್ಯಾಮೆರಾ ಬಿಟ್ಟು ಅವರನ್ನೇ ನೋಡುತ್ತದೆ; ಕೆಲವು ಚಿತ್ರಗಳಿಗಾದರೂ ಅವರು ಫೋಟೊಗ್ರಾಫರರ ಹಿಂದೆ ನಿಲ್ಲಲಿ. ಹೆಸರು ಹಿಡಿದು ಕರೆಯುವವರು ಒಬ್ಬರೇ ಇರಬೇಕು. ತಲೆ ಓರೆ ಮಾಡಿ ನೋಡುವ ಮುದ್ದಾದ ಭಂಗಿಗೆ ಬೇಕಾದದ್ದು ಅದು ಹಿಂದೆ ಕೇಳಿರದ ಸಣ್ಣ ಸದ್ದು, ಮತ್ತು ಆ ಉಪಾಯ ಎರಡು ಮೂರು ಸಲಕ್ಕಿಂತ ಹೆಚ್ಚು ಫಲಿಸುವುದಿಲ್ಲ. ಕ್ಯಾಮೆರಾ ಸಿದ್ಧವಾಗುವ ಮೊದಲೇ ಮಕ್ಕಳು ಪೀಪಿ ಊದಿ ಅದನ್ನು ಮುಗಿಸದಂತೆ ನೋಡಿಕೊಳ್ಳಿ. ಒಂದು ಚಿತ್ರವನ್ನು ಮಾತ್ರ ಮಗ್ಗುಲಿನಿಂದ, ನಾಯಿಯೊಂದೇ ನಿಂತಂತೆ ತೆಗೆಸಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಾಲ್ಕು ದೇಶಿ ತಳಿಗಳಲ್ಲಿ ಒಂದಾದ ಈ ನಾಯಿಯ ಚೆಲುವು ಇಳಿದ ಎದೆ ಮತ್ತು ಒಳಸರಿದ ಹೊಟ್ಟೆಯ ಆ ಗೆರೆಯಲ್ಲಿದೆ. ಎದುರಿನಿಂದ ತೆಗೆದರೆ ಅದು ಬರಿಯ ಬಡಕಲು ನಾಯಿಯಂತೆ ಕಾಣುತ್ತದೆ.

ಪ್ರಶ್ನೆ: ಮಾನ್ಯರೇ, ಬೀದಿಯಿಂದ ತಂದು ಸಾಕಿದ ನಮ್ಮ ಹೆಣ್ಣುನಾಯಿ ಅಪ್ಪಟ ಕಪ್ಪು. ಯಾವ ಫೋಟೊದಲ್ಲಿಯೂ ಕಣ್ಣು, ಮೂಗು ಕಾಣದೆ ಕಪ್ಪು ಮುದ್ದೆಯಂತೆ ಬರುತ್ತಾಳೆ. ಅಪರಿಚಿತರೆಂದರೆ ಅಂಜಿಕೆ ಬೇರೆ. ಕಬ್ಬನ್ ಪಾರ್ಕಿನಲ್ಲಿ ಫೋಟೊ ತೆಗೆಸುವ ದಿನ ಶಾಂತವಾಗಿರಲು ಮಾತ್ರೆ ಕೊಡಬಹುದೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಮಾತ್ರೆಯ ಮಾತು ಬೇಡ. ಮಂಪರು ಹತ್ತಿದ ನಾಯಿಯ ರೆಪ್ಪೆ ಜೋತುಬೀಳುತ್ತದೆ, ನಡಿಗೆ ತಪ್ಪುತ್ತದೆ. ಕೆಲವು ಔಷಧಗಳು ಮೈಯನ್ನು ಮಾತ್ರ ತಡೆದು ಭಯವನ್ನು ಒಳಗೇ ಉಳಿಸುತ್ತವೆ. ಒಂದು ಚಿತ್ರಕ್ಕಾಗಿ ಅಷ್ಟು ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಅಂಜುವ ನಾಯಿಗೆ ಬೇಕಾದದ್ದು ಸಮಯ. ಫೋಟೊಗ್ರಾಫರ್ ಒಂದು ದಿನ ಮೊದಲು ಮನೆಗೆ ಬಂದು, ಕ್ಯಾಮೆರಾ ಚೀಲದಲ್ಲೇ ಇಟ್ಟು, ನಾಯಿಯನ್ನು ನೋಡದೆ, ಮುಟ್ಟದೆ ನಿಮ್ಮೊಡನೆ ಕಾಫಿ ಕುಡಿದು ಹೋದರೂ ದೊಡ್ಡ ಉಪಕಾರವಾಗುತ್ತದೆ. ಪಾರ್ಕಿನಲ್ಲಿ ನಿದ್ದೆಯಿಲ್ಲದೆ ಆಕಳಿಸುವುದು, ತಿಂಡಿಯಿಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು ಕಂಡರೆ ಅವು ‘ಸಾಕು’ ಎನ್ನುವ ಮಾತುಗಳೇ. ಆಗ ದೂರ ಕರೆದೊಯ್ದು ಹತ್ತು ನಿಮಿಷ ಹುಲ್ಲು ಮೂಸಲು ಬಿಡಿ. ದೂರದಿಂದ ತೆಗೆಯುವ ಉದ್ದದ ಲೆನ್ಸ್ ಇದ್ದರೆ ಅದನ್ನೇ ತರಲು ಹೇಳಿ. ಭಾನುವಾರ ಬೇಡ, ಆ ದಿನ ಜನರ ಜೊತೆಗೆ ನಾಯಿಗಳ ಜಾತ್ರೆಯೂ ನೆರೆದಿರುತ್ತದೆ. ವೃತ್ತಿಪರರು ದೊಡ್ಡ ಸಲಕರಣೆಗಳೊಡನೆ ಬರುವುದಾದರೆ ಅನುಮತಿಯ ವಿಚಾರವನ್ನು ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನು ಕಪ್ಪು ಮುದ್ದೆಯ ಸಂಗತಿ. ಬಿಳುಪಾದ ಆಕಾಶ ಹಿಂದಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ನಾಯಿಯನ್ನು ಕತ್ತಲೆಗೆ ತಳ್ಳುತ್ತದೆ. ನಾಯಿಯೇ ಚೌಕಟ್ಟನ್ನು ತುಂಬಿದ್ದರೆ ಅದಕ್ಕೆ ವಿರುದ್ಧವಾಗಿ ಕಪ್ಪನ್ನು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ಹಿಂದೆ ಹಸಿರು ಪೊದೆಯೋ ಮರದ ಕಾಂಡವೋ ಇರುವ ಜಾಗವನ್ನು ಆರಿಸಿ. ಸುಡುಬಿಸಿಲಿಗಿಂತ ಮೋಡ ಕವಿದ ದಿನ ಕಪ್ಪು ಕೂದಲಿಗೆ ಒಳ್ಳೆಯದು. ಮರದ ನೆರಳಿನ ಅಂಚಿನಲ್ಲಿ ಮುಖ ಬಯಲಿನ ಕಡೆಗಿರುವಂತೆ ಕೂಡಿಸಿದರೆ ಕಣ್ಣಿನೊಳಗೆ ಬೆಳಕಿನ ಒಂದು ಚುಕ್ಕೆ ಮೂಡುತ್ತದೆ, ಮುಖಕ್ಕೆ ಜೀವ ಬರುವುದು ಆ ಚುಕ್ಕೆಯಿಂದಲೇ. ಫ್ಲ್ಯಾಶ್ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಕಣ್ಣು ಹಸಿರು ಕೆಂಡದಂತೆ ಹೊಳೆಯುತ್ತದೆ.

ಪ್ರಶ್ನೆ: ಮದುವೆ ವಾರ್ಷಿಕೋತ್ಸವಕ್ಕೆ ನಮ್ಮ ತೋಟ ಮತ್ತು ಹಿಂದಿನ ಕಾಡಿನಲ್ಲಿ ನಾಯಿಯೊಡನೆ ಫೋಟೊ ತೆಗೆಸಿಕೊಳ್ಳಬೇಕೆಂದಿದ್ದೇವೆ. ಎಚ್ಚರಿಕೆಗಳೇನು?
(ಓದುಗರೊಬ್ಬರು, ಸಾಗರ)

ಉತ್ತರ: ಮಳೆಗಾಲವಾದರೆ ಇಂಬಳ (ಜಿಗಣೆ), ಬೇಸಿಗೆಯಾದರೆ ಉಣುಗು. 1957ರಲ್ಲಿ ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಇದೇ ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆ ತಿಂಗಳುಗಳಲ್ಲಿ ಫೋಟೊಕ್ಕಾಗಿ ತರಗೆಲೆಯ ಮೇಲೆ ಕೂರುವ ಆಸೆಯನ್ನು ಬಿಟ್ಟುಬಿಡಿ, ಮಂಗ ಸತ್ತ ಸುದ್ದಿಯಿದ್ದರೆ ಕಾಡಿನ ಕಡೆಗೇ ಹೋಗಬೇಡಿ. ನಾಯಿಗೂ ಉಣುಗಿನಿಂದ ಬೇರೆ ಬಗೆಯ ಜ್ವರಗಳು ಬರುತ್ತವೆ. ಬೆನ್ನಿಗೆ ಬಿಡುವ ಹನಿ ಔಷಧವನ್ನು ಬಳಸುವುದಾದರೆ ಅದಕ್ಕೆ ಎರಡು ದಿನ ಮೊದಲು ಮತ್ತು ಎರಡು ದಿನ ಆಮೇಲೆ ಸ್ನಾನ ಬೇಡ. ಚಿತ್ರದ ದಿನದ ಸ್ನಾನವನ್ನು ಅದಕ್ಕೆ ಸರಿಯಾಗಿ ಲೆಕ್ಕ ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ ಕೈಯಾಡಿಸಿ ನೋಡಿ. ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದರೆ ಮಳೆಗೆ ಅದು ತೊಳೆದುಹೋಗುವವರೆಗೆ ನಾಯಿಯನ್ನು ಒಳಗೆ ಬಿಡಬೇಡಿ. ಅದರಲ್ಲಿರುವ ಮೈಲುತುತ್ತ ಕಾಲಿಗೆ ಹತ್ತಿ, ನಾಯಿ ಕಾಲು ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ.

ಪ್ರಶ್ನೆ: ನಮ್ಮ ಪಗ್ ನಾಯಿಯ ಹುಟ್ಟುಹಬ್ಬದ ಫೋಟೊವನ್ನು ಏಪ್ರಿಲ್‌ನಲ್ಲಿ ಕಡಲತೀರದಲ್ಲಿ ತೆಗೆಯಬೇಕೆಂದಿದ್ದೇವೆ. ಫೋಟೊಗ್ರಾಫರರಿಗೆ ಬಿಡುವಿರುವುದು ಬೆಳಗ್ಗೆ 11 ಗಂಟೆಗೆ. ಆದೀತೇ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಆಗದು. ನಾಯಿ ಮೈಯಿಂದ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಅದಕ್ಕೆ ತಂಪು. ಕರಾವಳಿಯ ತೇವದ ಗಾಳಿಯಲ್ಲಿ ಅದೂ ಸರಿಯಾಗಿ ನಡೆಯುವುದಿಲ್ಲ, ಚಪ್ಪಟೆ ಮೂಗಿನ ಪಗ್‌ಗಂತೂ ಉಸಿರಿನ ದಾರಿಯೇ ಕಿರಿದು. ಅಂಗೈಯ ಹಿಂಭಾಗವನ್ನು ಮರಳಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಕಾದ ಕಾವಲಿ. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ, ಏಳೂವರೆಯೊಳಗೆ ಮನೆಗೆ ಬನ್ನಿ. ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ, ಇಲ್ಲವಾದರೆ ಕಡಲಿನ ಉಪ್ಪುನೀರನ್ನೇ ಕುಡಿದು ವಾಂತಿ ಮಾಡುತ್ತದೆ. ಆ ಹೊತ್ತಿಗೆ ಬರಲಾಗದ ಫೋಟೊಗ್ರಾಫರರನ್ನು ಬದಲಿಸಿ.

ಪ್ರಶ್ನೆ: ದೀಪಾವಳಿಯಂದು ನಾಯಿಗೆ ಹೂವಿನ ಹಾರ ಹಾಕಿ, ಹಣೆಗೆ ಕುಂಕುಮವಿಟ್ಟು ಅಂಗಳದಲ್ಲಿ ಫೋಟೊ ತೆಗೆಯಬಹುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಹಾರ ಹಾಕಬಹುದು, ಹೂವನ್ನು ನೋಡಿ ಆರಿಸಿ. ಕಣಗಿಲೆಯ ಯಾವ ಭಾಗ ಹೊಟ್ಟೆಗೆ ಹೋದರೂ ಹೃದಯದ ಬಡಿತ ಕೆಡುತ್ತದೆ. ಹಬ್ಬಕ್ಕೆ ರಾಶಿರಾಶಿಯಾಗಿ ಬರುವ ಸೇವಂತಿಗೆಯನ್ನು ತಿಂದರೂ ವಾಂತಿಯಾಗುತ್ತದೆ, ಕೆಲವು ನಾಯಿಗಳ ಚರ್ಮ ತುರಿಸುತ್ತದೆ. ಮಲ್ಲಿಗೆ, ಮುಳ್ಳು ತೆಗೆದ ಗುಲಾಬಿ ಆಗುತ್ತದೆ. ಹೂವಿಗಿಂತ ನನಗೆ ದಾರದ ಭಯ ಹೆಚ್ಚು. ನುಂಗಿದ ದಾರ ಕರುಳನ್ನು ನೆರಿಗೆ ನೆರಿಗೆಯಾಗಿ ಎಳೆದು ಕೊಯ್ಯುತ್ತದೆ. ಆದ್ದರಿಂದ ಹಾರ ಕೊರಳಲ್ಲಿರುವಷ್ಟು ಹೊತ್ತೂ ಒಬ್ಬರ ಕಣ್ಣು ಅದರ ಮೇಲಿರಲಿ, ಚಿತ್ರ ಮುಗಿದ ಕೂಡಲೇ ತೆಗೆದುಬಿಡಿ. ಅಂಗಡಿಯ ಕುಂಕುಮದ ಬಣ್ಣ ಬೆವರು, ನೀರಿಗೆ ಕರಗಿ ಕಣ್ಣಿಗಿಳಿದರೆ ಉರಿಯುತ್ತದೆ. ಬೇಕೇ ಬೇಕೆಂದಾದರೆ ನೆನೆಸಿದ ಅರಿಸಿನದ ಸಣ್ಣ ಬೊಟ್ಟು ಸಾಕು. ಇದೆಲ್ಲವನ್ನೂ ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಮುಗಿಸಿ, ಓಣಿಯಲ್ಲಿ ಮೊದಲ ಪಟಾಕಿ ಸಿಡಿಯುವ ಮೊದಲೇ ನಾಯಿಯನ್ನು ಒಳಗಿನ ಕೋಣೆಗೆ ಸೇರಿಸಿ, ಕಿಟಕಿ ಹಾಕಿರಿ.